ಅಲ್ಲೇ ಹೋಗಿ ಕುದುರಿಸೋಣ ಅನ್ನುವವರಿಗೆ

ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಹತ್ತು ದಿನ ಕಾರು ಬಾಡಿಗೆಗೆ ತಗೊಂಡು ಆಸ್ಟ್ರಿಯಾ ಕಡೆಗೂ ಹೋಗಿಬರುವ ಆಸೆ. ಮೊದಲೇ ಬುಕ್ ಮಾಡಬೇಡಿ, ಅಲ್ಲೇ ಕೌಂಟರ್‌ನಲ್ಲಿ ಮಾತಾಡಿದರೆ ಅಗ್ಗ ಅಂತಾರೆ. ಹೌದಾ? (ಆಲ್ದೂರಿನ ಓದುಗರೊಬ್ಬರು)

ಇಲ್ಲ ಸ್ವಾಮಿ, ಇಲ್ಲ. ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಕೂಡಲೇ ಈ ಪ್ರಶ್ನೆ ಶುರುವಾಗುತ್ತದೆ. ಹೋದ ವರ್ಷ ಸಕಲೇಶಪುರದಿಂದ ಬಂತು, ಅದರ ಹಿಂದಿನ ವರ್ಷ ಕೊಪ್ಪದಿಂದ. ಹೋಗುವ ದೇಶ ಬೇರೆ ಬೇರೆ, ‘ಅಂತಾರೆ’ ಮಾತ್ರ ಅದೇ. ಈ ಅಂತಾರೆ ಯಾರು ಅಂತ ನನಗೂ ಒಮ್ಮೆ ನೋಡುವ ಆಸೆ.

ನಂಬಿಕೆ ಎಲ್ಲಿ ಹುಟ್ಟಿತು ಅಂತ ಊಹಿಸಬಲ್ಲೆ. ಝರಿ ಫಾಲ್ಸ್‌ಗೆ ಜೀಪು ಮಾತಾಡುವಾಗ ‘ಬೇಡ ಬಿಡಿ’ ಅಂತ ಎರಡು ಹೆಜ್ಜೆ ನಡೆದರೆ ಡ್ರೈವರ್ ಹಿಂದಿನಿಂದ ಕೂಗುತ್ತಾನೆ, ಅಲ್ವಾ? ಅವನ ಜೀಪು, ಅವನ ಡೀಸೆಲ್, ಅವನ ದಿನ. ಖಾಲಿ ನಿಂತರೆ ನಷ್ಟ ಅವನಿಗೇ. ಏರ್‌ಪೋರ್ಟ್ ಕೌಂಟರ್‌ನಲ್ಲಿ ನಿಂತ ಹುಡುಗನಿಗೆ ಇದ್ಯಾವುದೂ ಇಲ್ಲ. ಕಾರು ಅವನದಲ್ಲ, ಬೆಲೆ ಇಳಿಸುವ ಅಧಿಕಾರವೂ ಅವನದಲ್ಲ. ಆ ಊರಲ್ಲಿ ಆ ದಿನ ಎಷ್ಟು ಕಾರು ಉಳಿದಿವೆ, ಎಷ್ಟು ಜನ ಕೇಳುತ್ತಿದ್ದಾರೆ ಅಂತ ನೋಡಿ ಬೆಲೆ ಕಟ್ಟುವುದು ಕಂಪ್ಯೂಟರ್. ರಾತ್ರಿ ಹತ್ತಕ್ಕೆ ಸೂಟ್‌ಕೇಸ್ ಎಳೆದುಕೊಂಡು ಬಂದವರಿಗೆ ಬೇರೆ ಗತಿಯಿಲ್ಲ. ಅದಕ್ಕೇ ಆಗ ಬಂದವರಿಗೆ ಹೇಳುವ ಬೆಲೆ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ.

ನಮ್ಮ ಬೆಳೆಗಾರರಿಗೆ ಇದು ಬೇಗ ಅರ್ಥವಾಗಬೇಕಿತ್ತು. ರೊಬಸ್ಟಾ ಕಾಫಿಯ ಬೆಲೆ ಲಂಡನ್ ಮಾರುಕಟ್ಟೆ ನೋಡಿಕೊಂಡು ಆಡುತ್ತದೆ, ಅರೇಬಿಕಾದ್ದು ನ್ಯೂಯಾರ್ಕ್ ನೋಡಿಕೊಂಡು. ಔಟ್‌ಟರ್ನ್ ವಿಷಯದಲ್ಲಿ, ಅಂದರೆ ಒಣಗಿಸಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದರಲ್ಲಿ, ವ್ಯಾಪಾರಿ ಜೊತೆ ಎಳೆದಾಡುತ್ತೀರಿ, ಸರಿ. ಲಂಡನ್ ರೇಟನ್ನೇ ಏರಿಸು ಅಂತ ಅವನನ್ನು ಕೇಳುತ್ತೀರಾ?

ಇನ್ನೂ ನಂಬಿಕೆ ಬರದಿದ್ದರೆ 2021 ನೆನಪಿಸಿಕೊಳ್ಳಿ. ಕೊರೊನಾ ಬಂದು 2020ರಲ್ಲಿ ವ್ಯಾಪಾರ ನಿಂತಾಗ ಅಮೆರಿಕದ ಬಾಡಿಗೆ ಕಂಪನಿಗಳು ರಾಶಿ ರಾಶಿ ಕಾರು ಮಾರಿದವು. ಮರುವರ್ಷ ಜನ ಮತ್ತೆ ಪ್ರವಾಸ ಹೊರಟರೆ ಕಾರೇ ಇಲ್ಲ. ಬಾಡಿಗೆ ಆಕಾಶಕ್ಕೆ ಹೋಯಿತು. ಹವಾಯಿಯಲ್ಲಿ ಪ್ರವಾಸಿಗರು ಮನೆ ಸಾಮಾನು ಸಾಗಿಸುವ ಟ್ರಕ್ಕನ್ನೇ ಬಾಡಿಗೆಗೆ ಹಿಡಿದು ಬೀಚಿಗೆ ಹೋದರು. ಮಾತಾಡಿ ಕುದುರಿಸುವ ಹಾಗಿದ್ದರೆ ಅವರು ಟ್ರಕ್ ಹತ್ತುತ್ತಿದ್ದರಾ?

ನಾನೂ ಈ ಪಾಠಕ್ಕೆ ಫೀಸು ಕಟ್ಟಿದವನೇ. ಮೊದಲ ಸಲ ಹೋದಾಗ ಬುಕ್ ಮಾಡದೆ ಕೌಂಟರ್ ಮುಂದೆ ನಿಂತೆ. ಬೆಲೆ ಕೇಳಿ ‘ಸ್ವಲ್ಪ ನೋಡಿ ಹೇಳಿ’ ಅಂದೆ. ಹುಡುಗಿ ಪಾಪ, ಸ್ಕ್ರೀನನ್ನು ಇನ್ನೊಮ್ಮೆ ನೋಡಿ ಅದೇ ಅಂಕಿ ಹೇಳಿದಳು. ಅಷ್ಟರಲ್ಲಿ ನನ್ನಾಕೆ ಮೊಬೈಲ್ ತೆಗೆದು ಅದೇ ಕಂಪನಿಯ ಅದೇ ಕಾರು ಹುಡುಕಿದ್ದಳು. ಮೂರನೇ ಒಂದು ಭಾಗ ಕಡಿಮೆ! ಆದರೆ ಕಾರು ಸಿಗುವುದು ಎರಡು ಗಂಟೆ ಬಿಟ್ಟು. ಬೆಂಚಿನ ಮೇಲೆ ಕೂತು ಮಗನಿಗೆ ಅಂತ ಒಯ್ದಿದ್ದ ಚಕ್ಕುಲಿ ಮುಗಿಸಿ, ಅದೇ ಹುಡುಗಿಯ ಹತ್ತಿರ ಅದೇ ಕಾರು ತೆಗೆದುಕೊಂಡೆವು.

ಹಾಗಾಗಿ ಇಲ್ಲಿಂದಲೇ ಬುಕ್ ಮಾಡಿ. ದುಡ್ಡು ಕಡಿಯದೆ ರದ್ದು ಮಾಡಬಹುದಾದ ಬುಕಿಂಗ್ ಆರಿಸಿ. ವಾರಕ್ಕೊಮ್ಮೆ ಬೆಲೆ ನೋಡುತ್ತಿರಿ, ಇಳಿದರೆ ಹೊಸದು ಮಾಡಿ ಹಳೆಯದು ಬಿಡಿ. ಕುದುರಿಸುವುದು ಅಂದರೆ ಇದೇ.

ಮಗಳು ಅಲ್ಲೇ ಇರುವಾಗ ಏರ್‌ಪೋರ್ಟ್‌ನಲ್ಲಿ ಕಾರು ಯಾಕೆ? ಅಲ್ಲಿ ತೆಗೆದುಕೊಂಡರೆ ಹೆಚ್ಚಿನ ಶುಲ್ಕ ಸೇರುವುದೇ ಜಾಸ್ತಿ. ಎಸ್‌-ಬಾನ್ ರೈಲಿನಲ್ಲಿ ಊರೊಳಗೆ ಹೋಗಿ, ಎರಡು ದಿನ ಸುಧಾರಿಸಿಕೊಂಡು, ಊರಿನ ಬ್ರಾಂಚ್‌ನಲ್ಲಿ ತೆಗೆದುಕೊಳ್ಳಿ. ಭಾನುವಾರ ಮುಚ್ಚಿರಬಹುದು, ಸಮಯ ನೋಡಿಕೊಳ್ಳಿ. ಗೇರ್ ಕಾರನ್ನೇ ಕೇಳಿ, ಯುರೋಪಿನಲ್ಲಿ ಆಟೋಮ್ಯಾಟಿಕ್‌ಗಿಂತ ಸಾಮಾನ್ಯವಾಗಿ ಅಗ್ಗ. ಚಾರ್ಮಾಡಿ ಘಾಟಿ ಇಳಿದವರಿಗೆ ಆಲ್ಪ್ಸ್ ಏನು ಮಹಾ. ಆಸ್ಟ್ರಿಯಾಕ್ಕೆ ಹೋಗುವುದನ್ನು ಮೊದಲೇ ತಿಳಿಸಿ. ಅಲ್ಲಿನ ಮೋಟರ್‌ವೇಗೆ ವಿನ್ಯೆಟ್, ಅಂದರೆ ಟೋಲ್ ಕಟ್ಟಿದ್ದಕ್ಕೆ ಕೊಡುವ ಚೀಟಿ, ಬೇಕು, ಇಲ್ಲದಿದ್ದರೆ ದಂಡ.

ಕೌಂಟರ್‌ನಲ್ಲಿ ಬೆಲೆ ಇಳಿಯದಿದ್ದರೂ ಏರುವುದುಂಟು. ದೊಡ್ಡ ಕಾರು, ಜಿಪಿಎಸ್, ಹೆಚ್ಚುವರಿ ವಿಮೆ ಅಂತ ಒಂದೊಂದಾಗಿ ಬರುತ್ತವೆ. ಯುರೋಪಿನ ಬಾಡಿಗೆಯಲ್ಲಿ ಸಾಮಾನ್ಯವಾಗಿ ಮೂಲ ವಿಮೆ ಸೇರಿರುತ್ತದೆ. ಗೀರು ಬಿದ್ದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದನ್ನು ಮಾತ್ರ ಬುಕ್ ಮಾಡುವಾಗಲೇ ಓದಿ. ಅದನ್ನು ಸೊನ್ನೆ ಮಾಡುವ ವಿಮೆ ಬುಕಿಂಗ್ ಸೈಟ್‌ನಲ್ಲಿ ಹೆಚ್ಚಾಗಿ ಕಡಿಮೆಗೆ ಸಿಗುತ್ತದೆ. ಆದರೆ ಆಗ ಮೊದಲು ನೀವು ಕಟ್ಟಿ, ಆಮೇಲೆ ವಾಪಸ್ ಕೇಳಬೇಕು. ಇನ್ನೊಂದು, ‘ರೂಪಾಯಿಯಲ್ಲಿ ಕಟ್ತೀರಾ?’ ಅಂದರೆ ಯೂರೋದಲ್ಲೇ ಅನ್ನಿ. ರೂಪಾಯಿ ಅಂದರೆ ಅವರು ಹೇಳಿದ್ದೇ ವಿನಿಮಯ ದರ.

ಡೆಪಾಸಿಟ್‌ಗೆ ಕಾರು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಒಯ್ಯಿರಿ. ಬ್ಯಾಂಕಿನವರು ವಿದೇಶಿ ದುಡ್ಡು ತುಂಬಿಸಿ ಕೊಟ್ಟ ಫಾರೆಕ್ಸ್ ಕಾರ್ಡ್ ನಂಬಿ ಹೋಗಬೇಡಿ, ಡೆಪಾಸಿಟ್‌ಗೆ ಬಹುತೇಕ ಕಡೆ ಅದು ನಡೆಯುವುದಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ನಮ್ಮ ಆರ್‌ಟಿಓ ಆಫೀಸೇ ಸಾಕು. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಜೊತೆಗೆ ಊರಿನ ಲೈಸೆನ್ಸೂ ಜೇಬಲ್ಲಿರಲಿ, ಅದಿಲ್ಲದೆ ಇದಕ್ಕೆ ಬೆಲೆಯಿಲ್ಲ.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ. ಅದು ಬೇಗ ಒಗ್ಗುತ್ತದೆ. ತೊಂದರೆ ಕೊಡುವುದು ಇಂಡಿಕೇಟರ್. ನಮ್ಮ ಮಾರುತಿಗಳಲ್ಲಿ ಅದು ಬಲಕ್ಕಿದೆ, ಅಲ್ಲಿ ಎಡಕ್ಕೆ. ಬಲಗೈಗೆ ಸಿಗುವುದು ವೈಪರ್ ಕಡ್ಡಿ. ಮೊದಲ ದಿನ ನಾನು ತಿರುವು ಬಂದಲ್ಲೆಲ್ಲ ಬಿಸಿಲಲ್ಲಿ ಗಾಜು ಒರೆಸುತ್ತಾ ಹೋದೆ. ಹಿಂದಿನವರಿಗೆ ನಾನು ಎತ್ತ ಹೊರಳುತ್ತೇನೆ ಅಂತ ಗೊತ್ತಾಗಲೇ ಇಲ್ಲ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಕಾರು ತಂದಿಟ್ಟುಕೊಂಡು, ಮರುದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವುದಾದರೂ ಖಾಲಿ ಪಾರ್ಕಿಂಗ್‌ನಲ್ಲಿ ಅರ್ಧ ಗಂಟೆ ಸುಮ್ನೆ ಸುತ್ತಿ.