ಹನಿ ಚಪ್ಪಟೆ, ಸಿಗ್ನಲ್ ಓರೆ

ಗೋಪುರದಿಂದ ಗೋಪುರಕ್ಕೆ ಹೋಗುವ ಮೈಕ್ರೋವೇವ್ ರೇಡಿಯೋ ಸಿಗ್ನಲ್ಲಿಗೆ ಮಳೆಹನಿಯ ಆಕಾರವೇ ತೊಡಕು. ಚಿತ್ರದ ಮಳೆಹನಿಗೆ ಚೂಪು ನೆತ್ತಿ ಇರುತ್ತದೆ, ನಿಜವಾದ ಹನಿಗಿಲ್ಲ. ಒಂದು ಮಿ.ಮೀ.ಗಿಂತ ಸಣ್ಣದು ಗುಂಡಗೇ ಇರುತ್ತದೆ. ದಪ್ಪವಾದಂತೆ ಕೆಳಗಿನ ಗಾಳಿಯೊತ್ತಡಕ್ಕೆ ಬುಡ ಚಪ್ಪಟೆಯಾಗಿ, 5 ಮಿ.ಮೀ. ಹನಿ ಬೇಕರಿಯ ಬನ್ನಿನಂತಾಗುತ್ತದೆ: ಅಗಲ ಹತ್ತಾದರೆ ಎತ್ತರ ಏಳು. ಅದಕ್ಕೇ ಅಡ್ಡ (ಹೆಚ್) ಪೋಲರೈಸೇಶನ್‌ಗೆ (ಅಡ್ಡಲಾಗಿ ಕಂಪಿಸುವ ಅಲೆಗೆ) ಪೆಟ್ಟು ಜಾಸ್ತಿ. 18 ಗಿಗಾಹರ್ಟ್ಸ್‌ನಲ್ಲಿ, ಗಂಟೆಗೆ 100 ಮಿ.ಮೀ. ರಭಸದ ಮಳೆಯಲ್ಲಿ ಹೆಚ್ ಕಿಲೋಮೀಟರಿಗೆ ಸುಮಾರು 10 ಡಿಬಿ (ಡೆಸಿಬೆಲ್, ಸಿಗ್ನಲ್ ಇಳಿಕೆಯ ಅಳತೆ) ಕಳೆದುಕೊಂಡರೆ ಲಂಬ (ವಿ) ಕಳೆದುಕೊಳ್ಳುವುದು 8ರೊಳಗೆ. ಉದ್ದದ ಹಾಪ್‌ಗೆ (ಎರಡು ಗೋಪುರಗಳ ನಡುವಿನ ನೆಗೆತಕ್ಕೆ) ಒಂದೇ ಪೋಲರೈಸೇಶನ್ ಸಾಕಾದರೆ ವಿ ಹಾಕಿ, ಯೋಚಿಸಬೇಡಿ.

ಎರಡನ್ನೂ ಒಂದೇ ಚಾನೆಲ್‌ನಲ್ಲಿ ಓಡಿಸಿದಾಗಲೇ ತಲೆನೋವು ಶುರು. ಏಪ್ರಿಲ್-ಮೇ ತಿಂಗಳ ಬಯಲುಸೀಮೆಯ ಅಡ್ಡಮಳೆಯಲ್ಲಿ ಗಾಳಿ ಹನಿಗಳನ್ನು ವಾಲಿಸುತ್ತದೆ. ವಾಲಿದ ಹನಿಯ ಉದ್ದನೆಯ ಅಕ್ಷ ಹೆಚ್ಚೂ ಅಲ್ಲ, ವೀಯೂ ಅಲ್ಲ. ವಿ ಅಲೆ ಆ ಅಕ್ಷಗಳ ಗುಂಟ ಎರಡು ಪಾಲಾಗಿ, ಒಂದು ಪಾಲು ಹೆಚ್ಚು ಸೊರಗಿ ಹಿಂದೆ ಬೀಳುತ್ತದೆ; ಮತ್ತೆ ಕೂಡಿದಾಗ ಅಲೆ ನೆಟ್ಟಗಿರದೆ ಒಂದಂಶ ಹೆಚ್‌ಗೆ ಸೋರುತ್ತದೆ. ಈ ಸೋರಿಕೆಯ ಅಳತೆಯೇ ಎಕ್ಸ್‌ಪಿಡಿ; ಅದು ಇಳಿದಷ್ಟೂ ಸೋರಿಕೆ ಜಾಸ್ತಿ. ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸೂತ್ರದ ಪ್ರಕಾರ 18 ಗಿಗಾಹರ್ಟ್ಸ್‌ನಲ್ಲಿ ಮಳೆ 10 ಡಿಬಿ ತಿಂದಾಗ ಎಕ್ಸ್‌ಪಿಡಿ 30ರ ಆಸುಪಾಸು, 20 ತಿಂದಾಗ 24, 30 ತಿಂದಾಗ 20. ಹೆಚ್ಚಿನ ಕ್ಯೂಎಎಂಗೆ (ಒಂದೇ ಸಲಕ್ಕೆ ಹೆಚ್ಚು ಬಿಟ್ ತುಂಬುವ ವಿಧಾನಕ್ಕೆ) ಇದು ಸಾಲದು, ಸೋರಿಕೆಯನ್ನು ಕಳೆದುಹಾಕುವ ಎಕ್ಸ್‌ಪಿಐಸಿ ಕೈಹಿಡಿಯಬೇಕು. ಎಟಿಪಿಸಿ (ಪವರನ್ನು ತಾನಾಗಿಯೇ ಏರಿಳಿಸುವ ವ್ಯವಸ್ಥೆ) ಇದ್ದರೆ ಎರಡೂ ಪೋಲರೈಸೇಶನ್‌ಗೆ ಒಂದೇ ಸೆಟ್ಟಿಂಗ್ ಇಡಿ. ಹೆಚ್‌ನ ಪವರ್ ಮಾತ್ರ ಏರಿದರೆ ವಿ ಮೇಲಿನ ಸೋರಿಕೆಯೂ ಅಷ್ಟೇ ಏರುತ್ತದೆ.

ಅಲಾರ್ಮ್ ಬಂದಾಗ ಹೆಚ್, ವಿ ಎರಡರ ಸಿಗ್ನಲ್ ಲೆವೆಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ವಿಗಿಂತ ಹೆಚ್ ಆಳಕ್ಕೆ ಇಳಿದು, ಎಕ್ಸ್‌ಪಿಡಿ ಜೊತೆಗೇ ಕುಸಿದು, ಮಳೆ ನಿಂತಮೇಲೆ ಎಲ್ಲವೂ ಮೊದಲಿನಂತಾದರೆ ಅದು ಮಳೆಯದೇ ಕೆಲಸ. ಬಿಸಿಲಲ್ಲೂ ಎಕ್ಸ್‌ಪಿಡಿ ಕೆಟ್ಟೇ ಇದ್ದರೆ ಆಕಾಶ ನೋಡುವುದು ಬಿಟ್ಟು ಗೋಪುರ ಹತ್ತಿ: ಫೀಡ್ (ಆಂಟೆನಾಗೆ ಅಲೆ ಊಡುವ ಭಾಗ) ತಿರುಗಿರಬಹುದು, ಒಳಗೆ ನೀರು ಇಳಿದಿರಬಹುದು.

ಹಿಮದ ಲೆಕ್ಕ ಬೇರೆ. ಲಡಾಖ್‌ನ ಚಳಿಯಲ್ಲಿ ಬೀಳುವ ಒಣ ಹಿಮವನ್ನು ಈ ತರಂಗಗಳು ಹೆಚ್ಚುಕಡಿಮೆ ಗಮನಿಸುವುದೇ ಇಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನ ಹಸಿ ಹಿಮ ಮಾತ್ರ ಅಪಾಯ. ನೀರಿನ ಪೊರೆ ಹೊದ್ದ ಚಕ್ಕೆ ದೊಡ್ಡ ಹನಿಯಂತೆಯೇ ವರ್ತಿಸುತ್ತದೆ, ಸಾಲದ್ದಕ್ಕೆ ರೇಡೋಮ್‌ಗೆ (ಆಂಟೆನಾದ ಹೊದಿಕೆಗೆ) ಮೆತ್ತಿಕೊಳ್ಳುತ್ತದೆ. ಹಿಮ ನಿಂತರೂ ಲೆವೆಲ್ ಮೇಲೇಳದಿದ್ದರೆ ಸಾಮಾನ್ಯವಾಗಿ ಕಾರಣ ಆ ಮೆತ್ತಿಕೊಂಡದ್ದೇ. ಉಪಗ್ರಹ ಲಿಂಕ್‌ನಲ್ಲಿ ಇನ್ನೊಂದು ವಿಚಿತ್ರವಿದೆ. ಮೋಡದ ನೆತ್ತಿಯ ಹಿಮದ ಹರಳುಗಳು ಸಿಗ್ನಲ್ಲನ್ನು ಸೊರಗಿಸದೆ ಬರೀ ಫೇಸ್ (ಅಲೆಯ ಏರಿಳಿತದ ಹೊತ್ತು) ಕೆಡಿಸುತ್ತವೆ. ಲೆವೆಲ್ ಸರಿಯಾಗಿಯೇ ಇರುತ್ತದೆ, ಎಕ್ಸ್‌ಪಿಡಿ ಇರುವುದಿಲ್ಲ. ಮಿಂಚು ಹೊಡೆದ ಕ್ಷಣ ವಿದ್ಯುತ್ ಕ್ಷೇತ್ರ ಬದಲಾಗಿ ಹರಳುಗಳು ಹೊರಳುತ್ತವೆ, ಎಕ್ಸ್‌ಪಿಡಿ ಒಮ್ಮೆಲೇ ಜಿಗಿಯುತ್ತದೆ.