ರಾಕ್ ಬ್ಯಾಂಡ್ ಮೆತ್ತಗೆ ಹಾಡಿದರೆ ಫ್ಯಾನ್ಸ್ ಯಾಕೆ ಜಗಳ ಆಡ್ತಾರೆ?

ಗಟ್ಟಿ ಸದ್ದಿನ ಮೆಟಲ್ ಬ್ಯಾಂಡ್ ಮೆಟಾಲಿಕಾದ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತಾ, ಇನ್ನೊಂದು ಕೈಯಲ್ಲಿ ಸುಮ್ನೆ ಗಿಟಾರ್ ಮೀಟುತ್ತಾ ಕೂತಿದ್ದರು. ತಂತಿ ಒತ್ತೋಕೆ ಕೈ ಖಾಲಿ ಇರಲಿಲ್ಲ. ಹಾಗಾಗಿ ಏನನ್ನೂ ಒತ್ತದೆ ಮೀಟಿದ ನಾಲ್ಕು ತಂತಿಗಳೇ ಒಂದು ಹಾಡಿನ ಶುರು ಆಯಿತು. ಅದೇ ‘ನಥಿಂಗ್ ಎಲ್ಸ್ ಮ್ಯಾಟರ್ಸ್’. ಹತ್ತಿರದಲ್ಲಿ ಗಿಟಾರ್ ಇದ್ದರೆ ಈಗಲೇ ಮೀಟಿ ನೋಡಿ. ಮೊದಲು ಮೇಲಿನ ದಪ್ಪ ತಂತಿ, ಆಮೇಲೆ ಕೆಳಗಿನ ಮೂರು ತೆಳು ತಂತಿಗಳು ಒಂದೊಂದಾಗಿ. ಇ, ಜಿ, ಬಿ, ಮತ್ತೆ ಇ. ಗಿಟಾರ್ ಕಲಿಯದವರಿಗೂ ಇಷ್ಟು ಬರುತ್ತದೆ.

ಹೆಟ್‌ಫೀಲ್ಡ್ ಅದನ್ನು ಬರೆದದ್ದು ತಮಗಾಗಿ ಮಾತ್ರ. ಬ್ಯಾಂಡ್‌ಗೆ ಕೊಡುವ ಯೋಚನೆಯೇ ಇರಲಿಲ್ಲ. ಡ್ರಮ್ಮರ್ ಲಾರ್ಸ್ ಉಲ್ರಿಕ್ ಕಿವಿಗೆ ಬಿದ್ದ ಮೇಲೆ ಅದು 1991ರ ಆಲ್ಬಂ ಸೇರಿತು, ಕಪ್ಪು ಹೊದಿಕೆಯಿಂದಾಗಿ ಕಪ್ಪು ಆಲ್ಬಂ ಅಂತಲೇ ಎಲ್ಲರೂ ಕರೆಯುವ ಆಲ್ಬಂ ಅದು. ಆವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಒಂದು ಗುಂಪಿಗೆ ಇದು ಅವರು ಮಾಡಿದ ಅತಿ ಪ್ರಾಮಾಣಿಕ ಹಾಡು. ಇನ್ನೊಂದು ಗುಂಪಿಗೆ ಮೆಟಾಲಿಕಾ ಸತ್ತದ್ದೇ ಇಲ್ಲಿ.

ಈ ಜಗಳ ಮೆಟಾಲಿಕಾ ಒಂದರದ್ದೇ ಅಲ್ಲ. ಗಟ್ಟಿ ಸದ್ದಿನ ಯಾವ ಬ್ಯಾಂಡ್ ಕರೆಂಟ್ ಬೇಡದ ಅಕೂಸ್ಟಿಕ್ ಗಿಟಾರ್ ಎತ್ತಿಕೊಂಡರೂ ಅಭಿಮಾನಿಗಳು ಎರಡು ಪಾಲಾಗುತ್ತಾರೆ. ನಾನು ವರ್ಷಗಟ್ಟಲೆ ಈ ವಾದದಲ್ಲಿ ಒಂದು ಪಕ್ಷ ಹಿಡಿದು ಕೂತವನು. ಮೆತ್ತನೆ ಹಾಡುಗಳ ಪಕ್ಷ. ಆದರೆ ಇದರ ಹಿನ್ನೆಲೆ ಹುಡುಕುತ್ತಾ ಹೋದ ಹಾಗೆ ಎದುರು ಪಕ್ಷದವರ ಸಿಟ್ಟಲ್ಲೂ ನ್ಯಾಯ ಇದೆ ಅಂತ ಗೊತ್ತಾಯಿತು. ಅವರ ಸಿಟ್ಟು ಬೀಳುತ್ತಿರುವ ಜಾಗ ಮಾತ್ರ ತಪ್ಪು.

ಎಲ್ಲಿಂದ ಶುರು ಮಾಡೋಣ? 1965ರಿಂದ. ಆ ವರ್ಷದ ಜೂನ್ 14ರಂದು ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಒಂದೇ ದಿನದಲ್ಲಿ ಗಂಟಲು ಹರಿಯುವಂತೆ ಕಿರುಚುವ ‘ಐಮ್ ಡೌನ್’ ಹಾಡಿ, ಅದೇ ಗಂಟಲಲ್ಲಿ ‘ಯೆಸ್ಟರ್‌ಡೇ’ ಕೂಡ ಹಾಡಿದರು. ಎರಡನೆಯದರಲ್ಲಿ ಬೀಟಲ್ಸ್‌ನ ಉಳಿದ ಮೂವರು ಇಲ್ಲವೇ ಇಲ್ಲ. ಒಂದು ಅಕೂಸ್ಟಿಕ್ ಗಿಟಾರ್, ಒಂದು ದನಿ, ಆಮೇಲೆ ಸೇರಿಸಿದ ಪಿಟೀಲು ವಾದ್ಯಗಳ ನಾಲ್ಕು ಜನರ ತಂಡ, ಅಷ್ಟೇ. ಅಮೆರಿಕದಲ್ಲಿ ಅದು ಸಿಂಗಲ್ ಆಗಿ, ಅಂದರೆ ಆಲ್ಬಂನಿಂದ ಬೇರೆಯಾಗಿ ಮಾರುವ ಒಂಟಿ ಹಾಡಾಗಿ ಬಂದು ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಇಂಗ್ಲೆಂಡಿನಲ್ಲಿ ಮಾತ್ರ 1976ರವರೆಗೆ ಸಿಂಗಲ್ ಆಗಿ ಬರಲೇ ಇಲ್ಲ. ನಾವು ರಾಕ್ ಬ್ಯಾಂಡ್, ಇದು ನಮ್ಮ ಹೆಸರಿಗೆ ಹೊಂದುತ್ತದಾ ಅನ್ನೋ ಮುಜುಗರ ಬ್ಯಾಂಡ್‌ಗೇ ಇತ್ತು. ಅಂದರೆ ಅಭಿಮಾನಿಗಳು ಬಾಯಿ ತೆರೆಯುವ ಮೊದಲೇ ಅನುಮಾನ ಬ್ಯಾಂಡ್ ಒಳಗೆ ಬಂದು ಕೂತಿತ್ತು.

ಅದಾಗಿ ಆರು ವಾರ ಕಳೆದಿತ್ತು ಅಷ್ಟೇ. ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ, ಅಲ್ಲೀವರೆಗೆ ಅಕೂಸ್ಟಿಕ್ ಗಿಟಾರ್ ಹಿಡಿದು ಹಾಡುತ್ತಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ವೇದಿಕೆಗೆ ಬಂದರು, ಜನ ಕೂಗಾಡಿದರು. ಮರುವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಸಭಾಂಗಣದಲ್ಲಿ ಒಬ್ಬ ಕೇಳುಗ ಡಿಲನ್‌ಗೆ ‘ಜೂಡಾಸ್!’ ಅಂತ ಕೂಗಿದ. ಏಸುವನ್ನು ಹಿಡಿದುಕೊಟ್ಟ ಯೂದನ ಹೆಸರು ಅದು. ಇಲ್ಲಿ ನೋಡಬೇಕಾದ್ದು ಏನೆಂದರೆ, ಬೈಗುಳ ಅದೇ, ದಿಕ್ಕು ಮಾತ್ರ ಉಲ್ಟಾ. ಡಿಲನ್ ಅಭಿಮಾನಿಗಳಿಗೆ ಅಕೂಸ್ಟಿಕ್ ಗಿಟಾರ್ ಅಂದರೆ ಸತ್ಯ, ಎಲೆಕ್ಟ್ರಿಕ್ ಗಿಟಾರಿನ ಸದ್ದು ಜೋರು ಮಾಡುವ ಆಂಪ್ಲಿಫೈಯರ್ (ಆಂಪ್) ಅಂದರೆ ದುಡ್ಡಿನ ಆಸೆ. ಇಪ್ಪತ್ತು ವರ್ಷ ಕಳೆದ ಮೇಲೆ ಮೆಟಲ್ ಅಭಿಮಾನಿಗಳಿಗೆ ಆಂಪ್ಲಿಫೈಯರ್ ಸತ್ಯ, ಅಕೂಸ್ಟಿಕ್ ಗಿಟಾರ್ ದುಡ್ಡಿನ ಆಸೆ. ಮರದ ಡಬ್ಬಿಗಾಗಲಿ ಆಂಪ್‌ಗಾಗಲಿ ತನ್ನದೇ ಅಂತ ಒಂದು ನಿಯತ್ತಿದ್ದಿದ್ದರೆ ಹೀಗೆ ತಿರುಗುಮುರುಗಾಗುತ್ತಿತ್ತಾ?

ಈ ಜಗಳ ಸರಿಯಾಗಿ ಬಿಸಿ ಏರಿದ್ದು ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಕಾಲಕ್ಕೆ. ಅವರ ಎರಡನೇ ಆಲ್ಬಂ ಬಹುಪಾಲು ಗುಡುಗು ಸಿಡಿಲು. ಊರೂರು ಸುತ್ತಿ ಸುಸ್ತಾದ ಗಿಟಾರಿಸ್ಟ್ ಜಿಮ್ಮಿ ಪೇಜ್ ಮತ್ತು ಹಾಡುಗಾರ ರಾಬರ್ಟ್ ಪ್ಲಾಂಟ್ 1970ರಲ್ಲಿ ವೇಲ್ಸ್‌ನ ಬೆಟ್ಟದ ಸೀಮೆಯ ಒಂದು ಹಳೇ ಮನೆಗೆ ಹೋದರು. ಮನೆಯಲ್ಲಿ ಕರೆಂಟ್ ಇಲ್ಲ, ನಲ್ಲಿ ನೀರೂ ಇಲ್ಲ. ಕರೆಂಟ್ ಇಲ್ಲದ ಮೇಲೆ ಇನ್ನೇನು ಬಾರಿಸೋದು, ಅಕೂಸ್ಟಿಕ್ ಗಿಟಾರೇ ಗತಿ. ಅಲ್ಲಿ ಹುಟ್ಟಿದ ಹಾಡುಗಳು ಆ ವರ್ಷ ಅಕ್ಟೋಬರ್‌ನಲ್ಲಿ ಬಂದ ಮೂರನೇ ಆಲ್ಬಂ ಸೇರಿದವು. ರೆಕಾರ್ಡಿನ ಎರಡನೇ ಬದಿ ಹೆಚ್ಚು ಕಡಿಮೆ ಪೂರ್ತಿ ಮೆತ್ತಗೆ. ಆಲ್ಬಂ ಮೊದಲ ಸ್ಥಾನಕ್ಕೆ ಹೋಯಿತು ನಿಜ, ಆದರೆ ವಿಮರ್ಶಕರು ಮೂಗು ಮುರಿದರು. ಆಗ ಹೆಸರು ಮಾಡಿದ್ದ ಮೆತ್ತನೆ ದನಿಯ ತಂಡಗಳನ್ನು ನಕಲು ಮಾಡಿದ್ದಾರೆ ಅಂತ ಬರೆದರು. ಎರಡನೇ ಆಲ್ಬಂನಂಥದ್ದೇ ಇನ್ನೊಂದು ಬೇಕು ಅಂತ ಕಾದಿದ್ದ ಅಭಿಮಾನಿಗಳೂ ತಬ್ಬಿಬ್ಬಾದರು.

ಪೇಜ್‌ಗೆ ಇದು ಚೆನ್ನಾಗಿಯೇ ಚುಚ್ಚಿತು. ಯಾಕೆ ಚುಚ್ಚಬಾರದು? 1969ರ ಅವರ ಮೊಟ್ಟಮೊದಲ ಆಲ್ಬಂ ತೆಗೆದು ಕೇಳಿ. ಎರಡನೇ ಹಾಡು ‘ಬೇಬ್ ಐಮ್ ಗೊನ್ನಾ ಲೀವ್ ಯೂ’ ಶುರುವಾಗೋದೇ ಅಕೂಸ್ಟಿಕ್ ಗಿಟಾರ್‌ನಿಂದ. ಅದೇ ಆಲ್ಬಂನಲ್ಲಿ ‘ಬ್ಲ್ಯಾಕ್ ಮೌಂಟನ್ ಸೈಡ್’ ಅಂತ ಅಕೂಸ್ಟಿಕ್ ಗಿಟಾರಿಗೆ ತಬಲಾ ಜೊತೆಯಾದ ತುಣುಕೂ ಇದೆ. ಮೆತ್ತನೆ ಸದ್ದು ಮೊದಲ ದಿನದಿಂದ ಇತ್ತು. ಎರಡನೇ ಆಲ್ಬಂನ ಜೋರಿನಲ್ಲಿ ಜನ ಅದನ್ನು ಮರೆತಿದ್ದರು ಅಷ್ಟೇ. 1971ರಲ್ಲಿ ಬಂದ ನಾಲ್ಕನೇ ಆಲ್ಬಂ ಹೊದಿಕೆಯ ಮೇಲೆ ಪೇಜ್ ಬ್ಯಾಂಡಿನ ಹೆಸರನ್ನೇ ಹಾಕಲಿಲ್ಲ. ಹೆಸರು ನೋಡಿ ಬರೆಯೋರು ಈಗ ಹಾಡು ಕೇಳಿ ಬರೆಯಲಿ ಅಂತ. ಅದರಲ್ಲೇ ಇರೋದು ‘ಸ್ಟೇರ್‌ವೇ ಟು ಹೆವನ್’. ಎಂಟು ನಿಮಿಷದ ಹಾಡಿನಲ್ಲಿ ಡ್ರಮ್ಸ್ ಬರೋಕೆ ನಾಲ್ಕು ನಿಮಿಷ ದಾಟುತ್ತದೆ, ಶುರುವಿನಲ್ಲಿ ಅಕೂಸ್ಟಿಕ್ ಗಿಟಾರ್ ಮತ್ತು ಕೊಳಲಿನಂಥ ರೆಕಾರ್ಡರ್ ವಾದ್ಯದ್ದೇ ರಾಜ್ಯ. ಅದನ್ನು ಅವರು ಸಿಂಗಲ್ ಮಾಡಲು ಒಪ್ಪಲಿಲ್ಲ. ಬೇಕಾದವರು ಇಡೀ ಆಲ್ಬಂ ಕೊಳ್ಳಬೇಕಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1980ರ ದಶಕದಲ್ಲಿ ವಿಷಯ ಹದಗೆಟ್ಟಿತು. ಹಾಡಿನ ವಿಡಿಯೊ ತೋರಿಸುವ ಎಮ್‌ಟಿವಿ ಚಾನೆಲ್ ಬಂತು. ರೇಡಿಯೊ ಮತ್ತು ಟಿವಿಗೆ ಒಂದು ಮೆತ್ತನೆ ಹಾಡು ಸಿಕ್ಕರೆ ಗಟ್ಟಿ ರಾಕ್ ಮುಟ್ಟದವರೂ ಆಲ್ಬಂ ಕೊಳ್ಳುತ್ತಾರೆ ಅನ್ನೋದು ಕಂಪನಿಗಳಿಗೆ ಗೊತ್ತಾಯಿತು. ಆಮೇಲೆ ಅದೇ ಸೂತ್ರ. ಮೊದಲು ಒಂದು ಜೋರಿನ ಸಿಂಗಲ್, ಹಿಂದೆಯೇ ಒಂದು ಬ್ಯಾಲಡ್, ಅಂದರೆ ನಿಧಾನದ ಭಾವುಕ ಹಾಡು. ಪಾಯ್ಸನ್ ಬ್ಯಾಂಡಿನ ‘ಎವ್ರಿ ರೋಸ್ ಹ್ಯಾಸ್ ಇಟ್ಸ್ ಥಾರ್ನ್’ 1988ರ ಕೊನೆಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದ ಮೇಲಂತೂ ಇಂಥದ್ದೊಂದು ಇಲ್ಲದ ಆಲ್ಬಂ ಸಿಗೋದೇ ಕಷ್ಟ ಆಯಿತು. ಹಳೇ ಅಭಿಮಾನಿಗಳು ಇದನ್ನು ನೋಡಿ ರೇಗಿದ್ದು ಸುಮ್ನೆ ಅಲ್ಲ. ಸೂತ್ರ ಕಣ್ಣಿಗೆ ಕಾಣುತ್ತಿತ್ತು.

ಇಲ್ಲೇ ಇನ್ನೊಂದು ಕೊಳಕೂ ಸೇರಿಕೊಂಡಿತು, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಬ್ಯಾಲಡ್ ಅಂದರೆ ‘ಹುಡುಗಿಯರ ಹಾಡು’ ಅನ್ನೋ ಮಾತು. ಬ್ಯಾಲಡ್‌ನಿಂದ ಬ್ಯಾಂಡ್ ಹಿಡಿದ ಹುಡುಗಿ ನಿಜವಾದ ಅಭಿಮಾನಿ ಅಲ್ಲ, ಎರಡನೇ ಹಾಡಿನ ಹೆಸರು ಹೇಳು ನೋಡೋಣ, ಅಂತ ಪರೀಕ್ಷೆ ಮಾಡುವ ಗಂಡಸರನ್ನು ನಾನೇ ನೋಡಿದ್ದೇನೆ. ನನಗೆ ಆ ಪರೀಕ್ಷೆ ಯಾರೂ ಕೊಡಲಿಲ್ಲ. ನಾನು ಕೂಡ ಮೆಟಾಲಿಕಾ ಹಿಡಿದದ್ದು ಆ ನಾಲ್ಕು ತಂತಿಗಳಿಂದಲೇ. ಸಂಗೀತದ ವಾದ ಅಂತ ಕಾಣುವ ಎಷ್ಟೋ ಮಾತಿನ ಹಿಂದೆ ಇದು ಇರುತ್ತದೆ, ಒಪ್ಪಿಕೊಂಡರೆ ಒಳ್ಳೇದು.

ಎಕ್ಸ್‌ಟ್ರೀಮ್ ಅನ್ನೋ ಬ್ಯಾಂಡಿಗೆ ಆದದ್ದು ಇನ್ನೂ ವಿಚಿತ್ರ. ಅವರ ಗಿಟಾರಿಸ್ಟ್ ನೂನೊ ಬೆಟೆನ್‌ಕೋರ್ಟ್ ಅಂದರೆ ಬೆರಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುವ ಆಸಾಮಿ. ಅವರ 1990ರ ಆಲ್ಬಂ ಫಂಕ್ ಬೆರೆತ ಮೆಟಲ್. ಅದರಲ್ಲಿ ‘ಮೋರ್ ದ್ಯಾನ್ ವರ್ಡ್ಸ್’ ಒಂದು ಮಾತ್ರ ಒಂದೇ ಗಿಟಾರ್, ಎರಡು ದನಿಯ ಹಾಡು. ವಿಡಿಯೊದಲ್ಲಿ ಡ್ರಮ್ಸ್ ಮತ್ತು ಬೇಸ್ ಬಾರಿಸುವವರಿಗೆ ಕೆಲಸವೇ ಇಲ್ಲ. 1991ರಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. ಆ ಒಂದು ಹಾಡು ನಂಬಿ ಆಲ್ಬಂ ಹಾಕಿದವರಿಗೆ ಉಳಿದದ್ದೆಲ್ಲ ಕಿವಿಗೆ ಹೊಡೆದ ಹಾಗೆ. ಮೊದಲಿಂದ ಇದ್ದವರಿಗೆ ತಮ್ಮ ಬ್ಯಾಂಡ್ ಬೇರೆ ಯಾರದ್ದೋ ಆಯಿತಲ್ಲ ಅನ್ನೋ ಸಂಕಟ. ಇಬ್ಬರದ್ದೂ ತಪ್ಪಿಲ್ಲ, ಅಲ್ವಾ?

ಸ್ವಲ್ಪ ಕಿವಿಯ ವಿಷಯ ಹೇಳಬೇಕು. ಡಿಸ್ಟಾರ್ಷನ್ ಹಾಕಿದ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅಲೆಯ ತುದಿಗಳು ಕತ್ತರಿಸಿಹೋಗಿ ಸದ್ದು ದಪ್ಪಗಾಗುತ್ತದೆ, ತುಂಬಾ ಹೊತ್ತು ಎಳೆದುಕೊಂಡು ನಿಲ್ಲುತ್ತದೆ. ಹಾಡುಗಾರನ ದನಿಗೆ ಅದು ಗೋಡೆ ಇದ್ದ ಹಾಗೆ. ಅಕೂಸ್ಟಿಕ್ ಗಿಟಾರ್‌ನಲ್ಲಿ ಮೀಟಿದ ಕ್ಷಣದಿಂದಲೇ ಸದ್ದು ಸಾಯುತ್ತಾ ಬರುತ್ತದೆ. ಬೆರಳು ತಂತಿಯ ಮೇಲೆ ಜಾರುವ ಕೀರಲು ಸದ್ದೂ ಕೇಳುತ್ತದೆ, ಹಾಡುಗಾರ ಉಸಿರು ಎಳೆದುಕೊಂಡದ್ದೂ ಕೇಳುತ್ತದೆ. ಗೋಡೆ ಬಿದ್ದಿತು ಅಂತ ಒಬ್ಬರಿಗೆ ಬೇಜಾರು. ಗೋಡೆಯ ಹಿಂದೆ ಇದ್ದ ಮನುಷ್ಯ ಕೊನೆಗೂ ಕಂಡ ಅಂತ ಇನ್ನೊಬ್ಬರಿಗೆ ಖುಷಿ. ಸದ್ದಿನ ಗೋಡೆಗಾಗಿಯೇ ಬಂದವನಿಗೆ ಅದಿಲ್ಲದ ಹಾಡು ಕೊಟ್ಟರೆ ಸಿಟ್ಟು ಬಂದೇ ಬರುತ್ತದೆ.

1989ರಲ್ಲಿ ಎಮ್‌ಟಿವಿ ‘ಅನ್‌ಪ್ಲಗ್ಡ್’ (ಪ್ಲಗ್ ಕಿತ್ತದ್ದು) ಅನ್ನೋ ಅಕೂಸ್ಟಿಕ್ ಸಂಗೀತದ ಕಾರ್ಯಕ್ರಮ ಶುರು ಮಾಡಿದ ಮೇಲೆ ಅಕೂಸ್ಟಿಕ್ ಅನ್ನೋದು ಬ್ಯಾಂಡ್‌ಗಳಿಗೆ ಒಂದು ಪರೀಕ್ಷೆಯ ತರ ಆಯಿತು. ಅದರಲ್ಲಿ ಜನ ಇವತ್ತಿಗೂ ಮಾತಾಡೋದು 1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆದ ನಿರ್ವಾಣ ಬ್ಯಾಂಡಿನ ಕಾರ್ಯಕ್ರಮ. ಎಲ್ಲರೂ ಕಾಯುತ್ತಿದ್ದ ದೊಡ್ಡ ಹಾಡನ್ನು ಅವರು ಹಾಡಲೇ ಇಲ್ಲ. 14ರಲ್ಲಿ ಆರು ಹಾಡು ಬೇರೆಯವರದ್ದು. ಹಾಡುಗಾರ ಕರ್ಟ್ ಕೊಬೇನ್ ತಮ್ಮ ಅಕೂಸ್ಟಿಕ್ ಗಿಟಾರನ್ನು ಸದ್ದು ಬದಲಿಸುವ ಪೆಡಲ್ ಮೂಲಕ ಆಂಪ್‌ಗೆ ಸಿಕ್ಕಿಸಿಕೊಂಡೇ ಕೂತಿದ್ದರು, ಅಂದರೆ ಅದು ಪೂರ್ತಿ ಪ್ಲಗ್ ಕಿತ್ತ ಕಾರ್ಯಕ್ರಮವೂ ಅಲ್ಲ. ಆದರೂ ಗಟ್ಟಿ ನಿರ್ವಾಣ ಇಷ್ಟಪಡುವವರು ಇದನ್ನು ದ್ರೋಹ ಅನ್ನೋದನ್ನು ನಾನು ಕೇಳಿದ್ದೇ ಕಡಿಮೆ. ಆಲಿಸ್ ಇನ್ ಚೇನ್ಸ್ ಬ್ಯಾಂಡಿನ ವಿಷಯವೂ ಹಾಗೇ. 1994ರ ಜನವರಿಯಲ್ಲಿ ಬಂದ ಅವರ ‘ಜಾರ್ ಆಫ್ ಫ್ಲೈಸ್’ ಹೆಚ್ಚಾಗಿ ಅಕೂಸ್ಟಿಕ್. ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನದಲ್ಲೇ ಕಾಲಿಟ್ಟ ಮೊದಲ ಇಪಿ (ಕೆಲವೇ ಹಾಡುಗಳ ಚಿಕ್ಕ ಆಲ್ಬಂ) ಅದು. ಮೆಟಲ್ ಕೇಳುವವರೇ ಅದನ್ನು ತಲೆ ಮೇಲೆ ಹೊತ್ತರು. ನನಗೆ ಅನ್ನಿಸೋದು, ಇಲ್ಲಿ ಸದ್ದು ಇಳಿದರೂ ಕತ್ತಲೆ ಇಳಿದಿರಲಿಲ್ಲ. ಗಟ್ಟಿ ಹಾಡಿನಲ್ಲಿದ್ದ ನೋವೇ ಮೆತ್ತನೆ ಹಾಡಿನಲ್ಲೂ ಇತ್ತು. ಮಾರೋಕೆ ಮಾಡಿದ್ದು ಅಂತ ಯಾರಿಗೂ ಅನ್ನಿಸಲಿಲ್ಲ.

ಮಾರೋಕೆ ಮಾಡಿದ್ದು ಅನ್ನೋ ಆರೋಪ ಜೋರಾಗಿ ತಗುಲಿದ್ದು ಗ್ರೀನ್ ಡೇ ಬ್ಯಾಂಡಿಗೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಗಿಲ್ಮನ್ ಸ್ಟ್ರೀಟ್ ಕ್ಲಬ್ಬಿನಲ್ಲಿ ಬೆಳೆದ ಪಂಕ್ (ಒರಟು, ದೊಡ್ಡ ಕಂಪನಿಗಳನ್ನು ಕಂಡರಾಗದ ರಾಕ್) ಹುಡುಗರು ದೊಡ್ಡ ಕಂಪನಿಗೆ ಸಹಿ ಹಾಕಿದಾಗ ಆ ಕ್ಲಬ್ಬೇ ಅವರಿಗೆ ಬಾಗಿಲು ಮುಚ್ಚಿತ್ತು. ಹೀಗೆ ಮೊದಲೇ ಗಾಯ ಇದ್ದ ಜಾಗಕ್ಕೆ 1997ರಲ್ಲಿ ‘ಗುಡ್ ರಿಡನ್ಸ್’ ಬಂತು. ಅಕೂಸ್ಟಿಕ್ ಗಿಟಾರ್, ಮೇಲೆ ಪಿಟೀಲು. ಪಂಕ್ ಬ್ಯಾಂಡಿಗೆ ಪಿಟೀಲು! ಮುಗೀತು ಕಥೆ ಅಂದರು ಹಳಬರು. ಆದರೆ ಬ್ಯಾಂಡಿನ ಹಾಡುಗಾರ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಆ ಹಾಡು ಬರೆದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು. 1994ರ ‘ಡೂಕಿ’ ಆಲ್ಬಂ ಕಾಲಕ್ಕೇ ಅದು ಇತ್ತು, ನಮ್ಮ ಸದ್ದಿಗೆ ಹೊಂದಲ್ಲ ಅಂತ ಪಕ್ಕಕ್ಕೆ ಇಟ್ಟಿದ್ದರು. ದೂರದ ದೇಶಕ್ಕೆ ಹೊರಟ ಗೆಳತಿಯ ಮೇಲಿನ ಸಿಟ್ಟಿನ ಹಾಡು ಅದು. ಹೆಸರಿನ ಅರ್ಥವೇ ‘ತೊಲಗಿದ್ದು ಒಳ್ಳೇದಾಯ್ತು’ ಅಂತ. ಶುರುವಿನಲ್ಲಿ ಕಿವಿ ಕೊಟ್ಟು ಕೇಳಿ, ಎರಡು ಸಲ ತಪ್ಪು ಮೀಟುತ್ತಾರೆ, ಮೆಲ್ಲಗೆ ಒಂದು ಬೈಗುಳ ಬೀಳುತ್ತದೆ, ಮೂರನೇ ಸಲ ಹಾಡು ಹೊರಡುತ್ತದೆ. ಆ ತಪ್ಪನ್ನು ಅವರು ಅಳಿಸಲಿಲ್ಲ. ಇದಕ್ಕಿಂತ ಪಂಕ್ ಇನ್ನೇನು ಬೇಕು?

ಆದರೆ ಶಾಲೆ ಕಾಲೇಜುಗಳ ಬೀಳ್ಕೊಡುಗೆಯಲ್ಲೆಲ್ಲ ಅದನ್ನೇ ಹಾಕಿದರು, ಸಿಟ್ಟಿನ ಹಾಡು ಸಿಹಿ ನೆನಪಿನ ಹಾಡಾಯಿತು. ಗ್ರೀನ್ ಡೇ ಅಂದರೆ ಇದೇ ಹಾಡು ಅನ್ನೋರು ಜಾಸ್ತಿ ಆದರು. ಹಳಬರ ನೋವು ಇಲ್ಲೇ ಇರೋದು. ಅವರಿಗೆ ಹಾಡು ಇಷ್ಟವಿಲ್ಲ ಅಂತಲ್ಲ. ತಾವು ಪ್ರೀತಿಸಿದ ನೂರು ಹಾಡುಗಳನ್ನು ಒಂದೇ ಒಂದು ಹಾಡು ಮುಚ್ಚಿಹಾಕಿತು ಅಂತ. ಆ ಕೆಲಸ ಮಾಡಿದ್ದು ಯಾವ ಹಾಡು ಸಿಂಗಲ್ ಆಗಬೇಕು, ದಿನಕ್ಕೆ ಎಷ್ಟು ಸಲ ಕೇಳಿಸಬೇಕು ಅಂತ ತೀರ್ಮಾನಿಸುವವರು. ಬೈಸಿಕೊಂಡಿದ್ದು ಹಾಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಲೆಡ್ ಜೆಪ್ಪೆಲಿನ್ ತಮ್ಮ ದೊಡ್ಡ ಹಾಡನ್ನು ಸಿಂಗಲ್ ಮಾಡದೆ ಉಳಿಸಿಕೊಂಡದ್ದು ಇದಕ್ಕೇ ದೊಡ್ಡ ಮಾತು. ಅದನ್ನು ಕೇಳಲು ಬಂದವರಿಗೆ ಅಕ್ಕಪಕ್ಕದ ಗುಡುಗೂ ಕೇಳಲೇಬೇಕಿತ್ತು. 2005ರಲ್ಲಿ ಫೂ ಫೈಟರ್ಸ್ ಇನ್ನೊಂದು ದಾರಿ ಹಿಡಿದು ಎರಡು ಡಿಸ್ಕಿನ ಆಲ್ಬಂ ತಂದರು, ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ಮೆತ್ತಗೆ. ನನಗೆ ಅದು ಅಷ್ಟು ಹಿಡಿಸಲಿಲ್ಲ. ಜಗಳ ತಪ್ಪಿಸಲು ಮನೆ ಭಾಗ ಮಾಡಿದ ಹಾಗೆ ಕೇಳುತ್ತದೆ, ಎರಡೂ ಒಂದರ ಪಕ್ಕ ಒಂದು ಇದ್ದಾಗಲೇ ಒಂದಕ್ಕೊಂದು ಬೆಲೆ ಬರೋದು.

ಮತ್ತೆ ಮೆಟಾಲಿಕಾಗೆ ಬರೋಣ. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ನಿಂದ ಬ್ಯಾಂಡ್ ಕೆಟ್ಟಿತು ಅನ್ನೋರು 1984 ನೆನೆಸಿಕೊಳ್ಳಬೇಕು. ಆ ವರ್ಷ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಅವರ ಸಲಕರಣೆಗಳಲ್ಲಿ ಬಹುಪಾಲು ಕಳುವಾದವು, ಹೆಟ್‌ಫೀಲ್ಡ್ ಅವರ ಇಷ್ಟದ ಆಂಪ್ ಕೂಡ ಹೋಯಿತು. ಆ ದುಃಖದಲ್ಲಿ ಹುಟ್ಟಿದ್ದು ‘ಫೇಡ್ ಟು ಬ್ಲ್ಯಾಕ್’, ಅಕೂಸ್ಟಿಕ್ ಗಿಟಾರ್‌ನಿಂದ ಶುರುವಾಗುವ ಹಾಡು. ಆಗಲೂ ಮಾರಿಕೊಂಡರು ಅನ್ನೋ ಕೂಗು ಎದ್ದಿತ್ತು. ಅದು ಅವರ ಎರಡನೇ ಆಲ್ಬಂ! ಇವತ್ತು ಅದೇ ಹಾಡನ್ನು ಅಸಲಿ ಮೆಟಾಲಿಕಾ ಅಂತ ತೋರಿಸಿ, ಅದರ ಹೆಸರಲ್ಲೇ 1991ರ ಹಾಡನ್ನು ಬೈಯುತ್ತಾರೆ.

2021ರಲ್ಲಿ ಕಪ್ಪು ಆಲ್ಬಂಗೆ 30 ವರ್ಷ ತುಂಬಿತು. ಬೇರೆ ಬೇರೆ ಸಂಗೀತದ ಕಲಾವಿದರನ್ನು ಕರೆದು, ಆಲ್ಬಂನ ಯಾವ ಹಾಡು ಬೇಕಾದರೂ ಆರಿಸಿಕೊಂಡು ನಿಮ್ಮ ರೀತಿಯಲ್ಲಿ ಹಾಡಿ ಅಂದರು. 53 ಹಾಡುಗಳು ಬಂದವು. ಅತಿ ಹೆಚ್ಚು ಜನ ಆರಿಸಿಕೊಂಡದ್ದು ಹೆಟ್‌ಫೀಲ್ಡ್ ತಮ್ಮ ಬ್ಯಾಂಡಿನವರಿಗೂ ಕೇಳಿಸಬಾರದು ಅಂದುಕೊಂಡಿದ್ದ ಆ ಹಾಡನ್ನೇ.