ಕಾಕಾನ ಮೊಬೈಲಿಗೆ ಸಿಗದ ಪುಟ

ಆಳಂದ ಹತ್ತಿರದ ನಮ್ಮೂರಲ್ಲಿ ಕಾಕಾ ತೊಗರಿ ಬೆಳೆಯುತ್ತಾರೆ. ಹೂ ಬಿಡುವ ಹೊತ್ತಿಗೆ ಹೊಲದ ಒಂದು ಮೂಲೆಯಲ್ಲಿ ಗಿಡಗಳು ಬಾಡತೊಡಗಿದವು. ಕಾಕಾ ಮೊಬೈಲಿಗೆ ಬಾಯಲ್ಲೇ ‘ತೊಗರಿ ನೆಟೆ ರೋಗ’ ಅಂತ ಹೇಳಿದರು. ಔಷಧಿ ಜಾಹೀರಾತುಗಳು ಬಂದವು, ಯಾವುದೋ ವಿಡಿಯೊಗಳು ಬಂದವು. “ಬೇಕಾದ್ದು ಸಿಗವಲ್ದು ನೋಡು” ಅಂತ ಫೋನನ್ನು ನನ್ನ ಕೈಗೆ ಕೊಟ್ಟರು.

ನನಗೆ ಹೊಟ್ಟೆ ಉರಿದದ್ದು ಏಕೆಂದರೆ, ಆ ರೋಗದ ಬಗ್ಗೆ ಅಚ್ಚುಕಟ್ಟಾದ ಕನ್ನಡ ಪುಟವೊಂದು ಇದ್ದದ್ದು ನನಗೆ ಗೊತ್ತಿತ್ತು. ರೈತರಿಗಾಗಿಯೇ ಬರೆದದ್ದು. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ, ಅದು ವರ್ಷಗಟ್ಟಲೆ ಮಣ್ಣಲ್ಲೇ ಉಳಿಯುತ್ತದೆ ಅಂತೆಲ್ಲ ಅದರಲ್ಲಿ ವಿವರವಾಗಿ ಇತ್ತು. ಪುಟ ಇತ್ತು. ಆದರೆ ಹುಡುಕುವ ಯಂತ್ರದ ಪಾಲಿಗೆ ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರವೂ ಇರಲಿಲ್ಲ.

ಅದು ಹೇಗೆ ಅಂದರೆ, ಕಂಪ್ಯೂಟರ್ ಅಕ್ಷರದ ಆಕಾರವನ್ನು ನೋಡುವುದಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. 1990ರ ದಶಕದಲ್ಲಿ ನಮ್ಮ ಕೈಗೆ ಬಂದ ಕಂಪ್ಯೂಟರುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳ ಅಕ್ಷರಗಳಿಗೆ ಮಾತ್ರ ಸಂಖ್ಯೆ ಇತ್ತು. ನಮ್ಮವರು ಒಂದು ಜಾಣ ದಾರಿ ಹುಡುಕಿದರು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರವನ್ನು ಕೂರಿಸಿದರು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಅಂದರೆ ಅಕ್ಷರಗಳ ಆಕಾರ ತುಂಬಿಟ್ಟ ಕಡತದಲ್ಲಿ, ‘ಕ’ ಎಂದರೆ ಎರಡು ತುಂಡು: 80 ಮತ್ತು 192. 80 ಅಂದರೆ ಇಂಗ್ಲಿಷಿನ ದೊಡ್ಡ ‘ಪಿ’. 192 ಅಂದರೆ ಫ್ರೆಂಚರು ಬಳಸುವ, ತಲೆಯ ಮೇಲೆ ಓರೆ ಗೆರೆ ಇರುವ ‘ಎ’. ಆ ಕಾಲಕ್ಕೆ ಇದು ದೊಡ್ಡ ಉಪಕಾರ. ಕಚೇರಿಗಳಲ್ಲಿ, ಅಚ್ಚಿನ ಮನೆಗಳಲ್ಲಿ ಕನ್ನಡ ಬದುಕಿದ್ದು ಇದರಿಂದಲೇ. ಆದರೆ ವೆಬ್‌ಗೆ ಇದು ಸಾಲದು. ರೋಗದ ಆ ಪುಟವೂ ಇಂಥ ಹಳೆಯ ಫಾಂಟಿನಲ್ಲೇ ಇತ್ತು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಪುಟ ತೆರೆದರೆ ಬರೀ ಕಲಸುಮೇಲೋಗರ.

ಇದಕ್ಕೆ ಪರಿಹಾರ ಮೊದಲೇ ಇತ್ತು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪಟ್ಟಿ ಯೂನಿಕೋಡ್. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಸಿಕ್ಕಿತ್ತು. ಅಲ್ಲಿ ‘ಕ’ ಎಂದರೆ 3221, ‘ತ’ ಎಂದರೆ 3236. ಆ ಮನೆಗಳಿಗೆ ಬೇರೆ ಯಾರೂ ಬಾಡಿಗೆದಾರರಿಲ್ಲ. ಕಲಬುರಗಿಯಲ್ಲಿ ಟೈಪ್ ಮಾಡಿದರೂ ಕೆನಡಾದಲ್ಲಿ ಓದಿದರೂ 3236 ಅಂದರೆ ‘ತ’ ಮಾತ್ರ.

ಆ ಪುಟ ನಡೆಸುವವರನ್ನು ಕೇಳಿಕೊಂಡು, ಹೊಸದಾಗಿ ಮಾಡಿಕೊಡಲು ನಾನೇ ಕೂತೆ. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಪುಕ್ಕಟೆಯಾಗಿ ಸಿಗುತ್ತವೆ. ಆದರೆ ಅವುಗಳ ಮೇಲೆ ಪೂರ್ತಿ ಭಾರ ಹಾಕಬಾರದು. ಹಳೆಯ ಫಾಂಟಿನಲ್ಲಿ ‘ವರ್ಷ’ ಬರೆದಾಗ ಅರ್ಕಾವೊತ್ತು ಕೊನೆಗೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ‘ಷ’ಕ್ಕಿಂತ ಮೊದಲೇ ಇರಬೇಕು. ಇದಕ್ಕಿಂತ ಜಾಸ್ತಿ ಅಪಾಯ ಇನ್ನೊಂದಿದೆ. ಪುಟದ ನಡುವೆ ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇದ್ದರೆ, ಸಾಧನ ಅದನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಬೆಳೆಗೆ ಸಿಂಪಡಿಸುವ ಮಾತು ಇದು. ಒಂದೊಂದೇ ಸಾಲು ಕಣ್ಣಿಟ್ಟು ಓದಲೇಬೇಕು.

ಅಕ್ಷರ ಸರಿಯಾದರೆ ಅರ್ಧ ಕೆಲಸ ಆಯಿತು ಅಷ್ಟೇ. ಕಲಬುರಗಿಯಲ್ಲಿ ಕಣ್ಣು ಕಾಣದ ನನ್ನ ಗೆಳೆಯನೊಬ್ಬ ಇದ್ದಾನೆ, ಶಾಲಾ ಮೇಷ್ಟ್ರು. ಫೋನ್ ಓದಿ ಹೇಳುವುದನ್ನು ಕೇಳಿಯೇ ಎಲ್ಲ ಕೆಲಸ ಮಾಡುತ್ತಾನೆ. ಹೊಸ ಪುಟವನ್ನು ಅವನಿಗೆ ಕೊಟ್ಟೆ. ಅವನು ಮೊದಲು ಮಾಡಿದ್ದು ತಲೆಬರಹದಿಂದ ತಲೆಬರಹಕ್ಕೆ ಹಾರುವುದು. ನಾವು ಕಣ್ಣಾಡಿಸುತ್ತೇವೆ ಅಲ್ವಾ, ಅವನದು ಹಾಗೆ ಕಿವಿಯಾಡಿಸುವುದು. ಹಳೆಯ ಪುಟದಲ್ಲಿ ತಲೆಬರಹ ಅಂದರೆ ದಪ್ಪ ಅಕ್ಷರ, ದೊಡ್ಡ ಗಾತ್ರ, ಅಷ್ಟೇ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ತಲೆಬರಹಕ್ಕೆಂದೇ ಬೇರೆ ಟ್ಯಾಗ್, ಅಂದರೆ ಯಂತ್ರಕ್ಕೆ ತಿಳಿಯುವ ಗುರುತು, ಇದೆ. ಅದನ್ನು ಹಾಕಿದರೆ ಮಾತ್ರ ಯಂತ್ರಕ್ಕೆ ‘ಇದು ತಲೆಬರಹ’ ಅಂತ ತಿಳಿಯುತ್ತದೆ. ಪುಟದ ಭಾಷೆ ಕನ್ನಡ ಎಂದು ಶುರುವಿನಲ್ಲೇ ಒಂದು ಪದದಲ್ಲಿ ಬರೆಯಬೇಕು. ಆಗ ಫೋನ್ ಕನ್ನಡದ ದನಿಯನ್ನೇ ಆರಿಸಿಕೊಳ್ಳುತ್ತದೆ.

ಒಂದು ಕಡೆ ಅವನು ನಿಂತ. ಬರೀ ಚೌಕಕ್ಕೆ ಹಸಿರು ಬಣ್ಣ ಬಳಿದು ನಾನು ಬಟನ್ ಮಾಡಿದ್ದೆ. “ಇದು ಬಟನ್ ಅಂತ ನನಗ ಹ್ಯಾಂಗ ಗೊತ್ತಾಗ್ಬೇಕು?” ಅಂದ. ಅವತ್ತೇ ಅದನ್ನು ನಿಜವಾದ ಬಟನ್ ಟ್ಯಾಗ್‌ಗೆ ಬದಲಿಸಿದೆ. ಅದೊಂದರಿಂದ ಕೀಲಿಮಣೆಯಿಂದ ಒತ್ತುವುದೂ ದನಿಯಲ್ಲಿ ಕೇಳುವುದೂ ತಾನಾಗಿಯೇ ಬಂತು. ಇಂಥ ವಿಷಯಗಳನ್ನು ಯಾರೋ ಸುಮ್ನೆ ಹೇಳಿದ್ದಲ್ಲ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1994ರಲ್ಲಿ ಶುರು ಮಾಡಿದ, ವೆಬ್‌ನ ನಿಯಮಗಳನ್ನು ರೂಪಿಸುವ ಸಂಸ್ಥೆ ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ ಇವನ್ನು ಬರೆದು ಎಲ್ಲರಿಗೂ ತೆರೆದಿಟ್ಟಿದೆ. ಎಲ್ಲರಿಗೂ ಎಟುಕುವಂತೆ ಪುಟ ಕಟ್ಟುವ ನಿಯಮಗಳು ಮೊದಲು ಬಂದದ್ದು 1999ರಲ್ಲಿ, 2.2ನೇ ಆವೃತ್ತಿ ಬಂದದ್ದು 2023ರಲ್ಲಿ. ಮಾಮೂಲಿ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಬೆಳಕಿನ ಅನುಪಾತ ಕಡಿಮೆಯೆಂದರೂ 4.5ಕ್ಕೆ 1 ಇರಬೇಕು ಎನ್ನುತ್ತವೆ ಅವು. ನಮ್ಮ ಕಡೆಯ ಬಿಸಿಲಿನಲ್ಲಿ, ಹೊಲದ ಬದುವಿನ ಮೇಲೆ ನಿಂತು ತಿಳಿ ಬೂದು ಅಕ್ಷರ ಓದಿ ನೋಡಿ. ಈ ನಿಯಮ ಕಣ್ಣಿದ್ದವರಿಗೂ ಎಷ್ಟು ಬೇಕು ಅಂತ ಗೊತ್ತಾಗುತ್ತದೆ.

ಕನ್ನಡಕ್ಕೇ ಇರುವ ಒಂದು ತೊಂದರೆಯನ್ನು ಇಲ್ಲಿ ಹೇಳಬೇಕು. ಇಂಗ್ಲಿಷ್ ಪುಟದ ವಿನ್ಯಾಸವನ್ನು ಹಾಗೇ ತಂದು ಕನ್ನಡ ತುಂಬಿದರೆ ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಬಟನ್‌ಗೆ ಇಷ್ಟೇ ಎತ್ತರ ಅಂತ ಕಟ್ಟಿದ್ದರೆ ಕತ್ತರಿಸಿಯೇ ಹೋಗುತ್ತದೆ. ಪುಟದ ಅಂದ, ಅಂತರ ಹೊಂದಿಸುವ ಸಿಎಸ್‌ಎಸ್‌ನಲ್ಲಿ ಸಾಲುಗಳ ಅಂತರವನ್ನು ಸ್ವಲ್ಪ ಜಾಸ್ತಿ ಇಟ್ಟರೆ ಸಾಕು.

ಈ ಕೆಲಸ ಮಾಡುವಾಗ ನನಗೆ ಪದೇ ಪದೇ ನೆನಪಾದದ್ದು ಭೀಮಾ ತೀರದ ಸನ್ನತಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅದನ್ನು ಓದಲು ಯಾರೂ ಹೊಸದಾಗಿ ಲಿಪಿ ಬಿಡಿಸಬೇಕಾಗಲಿಲ್ಲ. ಒಡಿಶಾದ ಧೌಳಿಯ ಬಂಡೆಯ ಮೇಲಿರುವ ಬ್ರಾಹ್ಮಿ ಅಕ್ಷರಗಳೇ ನಮ್ಮ ಸನ್ನತಿಯಲ್ಲೂ ಇದ್ದವು. ಆ ಲಿಪಿಯನ್ನು ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಬಿಡಿಸಿದ್ದ. ಸನ್ನತಿಯ ಕಲ್ಲು ಕೊರೆದವನು ತನ್ನದೇ ಗುರುತುಗಳನ್ನು ಬಳಸಿದ್ದರೆ?

ಮೊನ್ನೆ ಕಾಕಾ ಹೊಸ ಪುಟ ತೆರೆದರು. ಬೆರಳಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು, ಸಾವಕಾಶ ಕೊನೆಯವರೆಗೂ ಓದಿದರು. ಆಮೇಲೆ ಕೇಳಿದರು: “ಮುಂದಿನ ವರ್ಷ ಆ ಹೊಲದಾಗ ಜ್ವಾಳ ಹಾಕಿದ್ರ ರೋಗ ಕಡಿಮಿ ಆಗ್ತದೇನು?” ಉತ್ತರ ಅದೇ ಪುಟದಲ್ಲಿತ್ತು. ಆದರೆ ಬೆಳೆ ಬದಲಾವಣೆಯ ಆ ಕೋಷ್ಟಕವನ್ನು ಯಾರೋ ಫೋಟೊ ತೆಗೆದು ಅಂಟಿಸಿದ್ದರು, ನಾನು ಅದನ್ನು ಹಾಗೇ ಬಿಟ್ಟಿದ್ದೆ. ದೊಡ್ಡದು ಮಾಡಿದಷ್ಟೂ ಮಸುಕು. ಈ ಭಾನುವಾರ ಅದನ್ನು ಸಾಲು ಸಾಲಾಗಿ ಟೈಪ್ ಮಾಡುತ್ತಿದ್ದೇನೆ. ಜೋಳದ ಸಾಲು ಮುಗಿದಿದೆ.